ಮೈಸೂರು ಸೀಮೆಯ ಜನಪದ ಮಹಾಕಾವ್ಯಗಳಲ್ಲಿ ನಾಯಕನ ಪರಿಕಲ್ಪನೆ

೧

ಕಥೆಯೊಂದರ ಹಲವು ಪಾತ್ರಗಳ ನಡುವೆ ಒಂದು ಮಾತ್ರ ನಾಯಕಸ್ಥಾನಕ್ಕೆ ಏರುವುದು ಯಾವ ಗುಣಗಳಿಂದ ಎಂಬ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಯಷ್ಟೇ ಹಳೆಯದು. ಸಂಸ್ಕೃತ ಲಾಕ್ಷಣಿಕರು ನಾಯಕನನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಾಲ್ಕಕ್ಕೂ ಸಮಾನವಾದುದು ‘ಧೀರ’ ಎಂಬ ಪದ. ಕುಲ, ರೂಪ, ಯೌವನ, ವಿನಯ, ತ್ಯಾಗ, ಪರಾಕ್ರಮಗಳು ನಾಯಕನಲ್ಲಿ ಮೊದಲೇ ಇರುತ್ತವೆ. ಕಾವ್ಯದ ಕೆಲಸ ಅವುಗಳನ್ನು ಪ್ರಕಟಪಡಿಸುವುದು.

ಇಪ್ಪತ್ತನೆಯ ಶತಮಾನದ ಜಾನಪದ ಅಧ್ಯಯನ ಈ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಎತ್ತಿಕೊಂಡಿತು. ರಷ್ಯಾದ ವ್ಲಾದಿಮಿರ್ ಪ್ರಾಪ್ ೧೯೨೮ರಲ್ಲಿ ಕಿನ್ನರಕಥೆಗಳ ರಚನೆಯನ್ನು ೩೧ ಕ್ರಿಯೆಗಳಲ್ಲಿ ವಿವರಿಸಿದನು. ಇಂಗ್ಲೆಂಡಿನ ಲಾರ್ಡ್ ರ‍್ಯಾಗ್ಲನ್ ೧೯೩೬ರಲ್ಲಿ ನಾಯಕನ ಬಾಳಿನ ೨೨ ಲಕ್ಷಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ೧೯೪೯ರಲ್ಲಿ ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ ಲೋಕದ ಎಲ್ಲ ವೀರಕಥೆಗಳ ಹಿಂದೆ ನಿರ್ಗಮನ, ದೀಕ್ಷೆ, ಪುನರಾಗಮನ ಎಂಬ ಒಂದೇ ಪಯಣವಿದೆ ಎಂದು ವಾದಿಸಿದನು. ಕನ್ನಡದ ಜಾನಪದ ವಿದ್ವಾಂಸರಿಗೆ ಈ ಮಾದರಿಗಳು ಪರಿಚಿತ. ಆದರೆ ಮಾದರಿಗೆ ಕಥೆಯನ್ನು ಹೊಂದಿಸುವುದರಲ್ಲಿ ತೋರಿದ ಆಸಕ್ತಿಯನ್ನು, ಮಾದರಿಗೆ ಹೊಂದದೆ ಉಳಿದ ಭಾಗವನ್ನು ಪರಿಶೀಲಿಸುವುದರಲ್ಲಿ ಅಷ್ಟಾಗಿ ತೋರಿಲ್ಲ. ಮೈಸೂರು ಸೀಮೆಯ ಮೌಖಿಕ ಕಾವ್ಯಗಳಲ್ಲಿ ಹಾಗೆ ಉಳಿದ ಭಾಗವೇ ಮುಖ್ಯವಾದುದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿನ ಚರ್ಚೆ ಕಾವ್ಯದ ಪಾತ್ರಕ್ಕೆ ಸೀಮಿತ. ಆ ಹೆಸರಿನ ಸಂತರ ಚಾರಿತ್ರಿಕತೆ, ಅವರ ಆರಾಧನೆಯ ಇತಿಹಾಸ ಇವು ಬೇರೆಯೇ ವಿಚಾರಗಳು.

೨

ನಾಯಕನ ಗುಣವನ್ನು ಕುರಿತ ಆಧುನಿಕ ಕನ್ನಡ ಚಿಂತನೆಯಲ್ಲಿ ಮೈಸೂರು ನಗರಕ್ಕೆ ವಿಶೇಷವಾದ ಸ್ಥಾನವಿದೆ. ಪಂಪನು ೯೪೧ರ ಸುಮಾರಿಗೆ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಆದರೂ ಓದುಗರ ಮನಸ್ಸು ಒಲಿದದ್ದು ಕರ್ಣನಿಗೆ. ರನ್ನನು ‘ಸಾಹಸಭೀಮ ವಿಜಯ’ದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿಕೊಂಡರೂ ಸೋತ ದುರ್ಯೋಧನನೇ ಸಹೃದಯರ ಮನದಲ್ಲಿ ಉಳಿದನು. ಕವಿ ಆರಿಸಿದ ನಾಯಕ ಒಬ್ಬ, ಜನ ಒಪ್ಪಿದ ನಾಯಕ ಮತ್ತೊಬ್ಬ. ಈ ಬಿರುಕನ್ನು ಗುರುತಿಸಿ ಅದಕ್ಕೆ ಹೊಸ ರೂಪ ಕೊಟ್ಟವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು. ಅವರ ‘ಗದಾಯುದ್ಧ ನಾಟಕಂ’ ದುರ್ಯೋಧನನನ್ನು ದುರಂತ ನಾಯಕನಾಗಿ ಕಂಡಿತು. ಗ್ರೀಕ್ ನಾಟಕಕಾರ ಸೊಫೋಕ್ಲಿಸನ ಕೃತಿಯೊಂದನ್ನು ಆಧರಿಸಿದ ‘ಅಶ್ವತ್ಥಾಮನ್’ ಅದೇ ಹಾದಿಯಲ್ಲಿ ಮುಂದುವರಿಯಿತು. ಇವುಗಳಿಂದಾಗಿ ನಾಯಕನಲ್ಲಿ ಕೊರತೆ ಇರಬಹುದು, ಆ ಕೊರತೆಯೇ ಅವನನ್ನು ಮನುಷ್ಯನನ್ನಾಗಿಸುತ್ತದೆ ಎಂಬ ತಿಳಿವಳಿಕೆ ಕನ್ನಡದಲ್ಲಿ ಬೇರೂರಿತು.

ದುರಂತ ನಾಯಕನ ಕೊರತೆ ಅವನೊಬ್ಬನದು. ಅದು ಅವನ ಸ್ವಭಾವದೊಳಗಿನ ದೋಷ. ಅವನನ್ನು ಒಂಟಿಯಾಗಿಸಿ ಕೊನೆಗೆ ನಾಶದತ್ತ ಒಯ್ಯುತ್ತದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಬಗೆಯ ಕೊರತೆಯನ್ನು ಬೆಳಕಿಗೆ ತಂದುದು ಅದೇ ನಗರದಲ್ಲಿ ಮುಂದೆ ಬೆಳೆದ ಜಾನಪದ ಅಧ್ಯಯನ. ೧೯೬೦ರ ದಶಕದ ಕೊನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಅದು ನೆಲೆಗೊಂಡಿತು. ಜೀ.ಶಂ. ಪರಮಶಿವಯ್ಯ ಮೊದಲಾದವರ ಶ್ರಮದಿಂದ ಕ್ಷೇತ್ರಕಾರ್ಯ ವಿಶ್ವವಿದ್ಯಾನಿಲಯದ ಕೆಲಸವಾಯಿತು. ೧೯೭೩ರಲ್ಲಿ ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ ಪ್ರಕಟವಾದಾಗ, ಕಂಸಾಳೆಯ ಗುಡ್ಡರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದ ಕಥನ ಮಹಾಕಾವ್ಯವೆಂಬ ಮನ್ನಣೆಯೊಡನೆ ಅಚ್ಚಿನ ಲೋಕವನ್ನು ಪ್ರವೇಶಿಸಿತು. ಮಲೆಮಹದೇಶ್ವರ ಬೆಟ್ಟ ಆಗ ಮೈಸೂರು ಜಿಲ್ಲೆಗೇ ಸೇರಿತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ೨೦೦೧ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು.

೩

ಮಾದೇಶ್ವರನ ಕಥೆಯನ್ನು ರ‍್ಯಾಗ್ಲನ್ನನ ಪಟ್ಟಿಯೊಡನೆ ಹೋಲಿಸಿದರೆ ಕೆಲವು ಅಂಶಗಳು ಕೂಡಿಬರುತ್ತವೆ. ಹುಟ್ಟು ಅಸಾಮಾನ್ಯವಾದುದು, ಉತ್ತರಾಜಮ್ಮನಿಗೆ ಅವನು ಮಗನಾಗಿ ದೊರೆಯುತ್ತಾನೆ, ದೂರದ ನಾಡಿಗೆ ಬರುತ್ತಾನೆ, ದುಷ್ಟ ದೊರೆಯೊಬ್ಬನನ್ನು ಕೊನೆಗಾಣಿಸುತ್ತಾನೆ. ಆದರೆ ಪಟ್ಟಿಯ ಮುಖ್ಯ ಘಟ್ಟಗಳಾದ ರಾಜಕುಮಾರಿಯೊಡನೆ ವಿವಾಹ, ಸಿಂಹಾಸನ, ಶಾಸನರಚನೆ, ಪದಚ್ಯುತಿ ಯಾವುವೂ ಇಲ್ಲಿಲ್ಲ. ಅವುಗಳ ಜಾಗದಲ್ಲಿ ಇರುವುದು ಮನೆಯಿಂದ ಮನೆಗೆ, ಹಟ್ಟಿಯಿಂದ ಹಟ್ಟಿಗೆ ಬೇಡುತ್ತ ಹೋಗುವ ಜಂಗಮನ ತಿರುಗಾಟ.

ಸುತ್ತೂರು ಮಠದಲ್ಲಿ ಬಾಲಕ ಮಾದೇಶ್ವರನ ಪಾಲಿಗೆ ಬರುವುದು ರಾಗಿ ಬೀಸುವ ಕೆಲಸ. ಗದ್ದುಗೆಯ ಪಕ್ಕದಲ್ಲಿ ಕೂರಬೇಕಾದವನು ಬೀಸುಕಲ್ಲಿನ ಮುಂದೆ ಕೂರುತ್ತಾನೆ. ಮೈಸೂರು ಸೀಮೆಯಲ್ಲಿ ರಾಗಿ ಬೀಸುವುದು ಮನೆಯ ಹೆಂಗಸರ, ಆಳುಮಕ್ಕಳ ದುಡಿಮೆಯಾಗಿತ್ತು. ಆ ದುಡಿಮೆಯಿಂದಲೇ ನಾಯಕನ ಬಾಳು ತೊಡಗುವುದನ್ನು ಕೇಳುವ ಕೇರಿಯ ಜನ ಅವನನ್ನು ತಮ್ಮವನೆಂದು ಗುರುತಿಸಲು ಬೇರೆ ಪುರಾವೆ ಬೇಕಾಗದು.

ಶ್ರವಣ ದೊರೆಯ ಪ್ರಸಂಗ ಈ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಬಂಕಾಪುರಿಯ ಶ್ರವಣ ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಳ್ಳುವಷ್ಟು ಬಲಶಾಲಿ. ಐಶ್ವರ್ಯ, ಶೌರ್ಯ, ಆಜ್ಞಾಶಕ್ತಿ ಎಲ್ಲವೂ ಅವನಲ್ಲಿವೆ. ಲಾಕ್ಷಣಿಕರ ಧೀರೋದ್ಧತನಿಗೆ ಇವನು ಒಳ್ಳೆಯ ಉದಾಹರಣೆಯಾಗಬಲ್ಲನು. ಅವನ ಎದುರು ಮಾದೇಶ್ವರ ನೇರವಾದ ಕಾಳಗಕ್ಕೆ ನಿಲ್ಲುವುದಿಲ್ಲ. ಚರ್ಮಗಾರಿಕೆಯ ಕುಲದ ಹರಳಯ್ಯನಲ್ಲಿಗೆ ಹೋಗುತ್ತಾನೆ. ಹರಳಯ್ಯನ ಕೈಯಿಂದ ತಯಾರಾದ ಪಾದರಕ್ಷೆಯೇ ಶ್ರವಣನ ಅಂತ್ಯಕ್ಕೆ ಕಾರಣವಾಗುತ್ತದೆ. ಮಾದೇಶ್ವರ ಒಬ್ಬನೇ ಶ್ರವಣನನ್ನು ಕೊಂದಿದ್ದರೆ ಗೆಲುವು ಅವನೊಬ್ಬನದಾಗುತ್ತಿತ್ತು, ಹರಳಯ್ಯನಿಗೆ ಕಾವ್ಯದಲ್ಲಿ ಜಾಗವಿರುತ್ತಿರಲಿಲ್ಲ. ನಾಯಕನಿಗೆ ತನ್ನ ಬಲ ಸಾಲದು ಎಂಬ ಸ್ಥಿತಿಯೇ ಊರಾಚೆಯ ಕುಶಲಕರ್ಮಿಗೆ ಕಥೆಯ ಬಾಗಿಲನ್ನು ತೆರೆದಿದೆ.

ಕಾವ್ಯದ ರಚನೆಯೂ ಈ ಮಾತನ್ನು ಸಮರ್ಥಿಸುತ್ತದೆ. ಅದರ ಭಾಗಗಳಿಗೆ ‘ಸಾಲು’ ಎಂದು ಹೆಸರು. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು ಹೀಗೆ ಒಂದೊಂದು ಸಾಲೂ ಒಬ್ಬೊಬ್ಬ ಒಕ್ಕಲಿನ ಹೆಸರಿನಲ್ಲಿದೆ. ಪ್ರತಿ ಸಾಲಿನಲ್ಲಿಯೂ ಮಾದೇಶ್ವರ ಏನನ್ನಾದರೂ ಕೇಳಿಕೊಂಡು ಬರುವವನು. ಕೇಳಿದ್ದನ್ನು ಕೊಡದವರ ಗರ್ವ ಮುರಿಯುತ್ತದೆ, ಕೊಟ್ಟವರಿಗೆ ಅವನೊಡನೆ ತಲೆಮಾರುಗಳವರೆಗೆ ನಿಲ್ಲುವ ಹಕ್ಕಿನ ಸಂಬಂಧ ಕುದುರುತ್ತದೆ. ಆಲಂಬಾಡಿಯ ಸಿರಿವಂತ ಪಶುಪಾಲಕ ಜುಂಜೇಗೌಡ ಗುಡಿ ಕಟ್ಟಿಸುತ್ತಾನೆ. ಬೆಟ್ಟದಲ್ಲಿ ಪೂಜೆಯ ಹಕ್ಕು ಬೇಡಗಂಪಣರದು. ಕಥೆಯನ್ನು ಹಾಡುವ ಹಕ್ಕು ದೀಕ್ಷೆ ಪಡೆದ ದೇವರಗುಡ್ಡರದು. ಅಷ್ಟೂ ಜನ ಸೇರಿದಾಗ ಮಾತ್ರ ನಾಯಕನ ಕಥೆ ಪೂರ್ಣವಾಗುತ್ತದೆ. ಹಾಡಿಕೆಯ ಕ್ರಮವೂ ಇಂಥದೇ. ಮುಖ್ಯ ಗಾಯಕನ ನುಡಿಯನ್ನು ಹಿಮ್ಮೇಳದವರು ಎತ್ತಿಕೊಂಡು ಹೇಳಿದ ಮೇಲೆಯೇ ಕಥೆ ಮುಂದಕ್ಕೆ ಸಾಗುತ್ತದೆ.

ಪ್ರಾಪ್‌ನ ವಿಶ್ಲೇಷಣೆಯಲ್ಲಿಯೂ ‘ಕೊರತೆ’ಗೆ ಸ್ಥಾನವಿದೆ. ಅಲ್ಲಿ ಅದು ಕಥೆಯನ್ನು ಚಾಲನೆಗೊಳಿಸುವ ಒಂದು ಸಂದರ್ಭ. ನೀಗಿತೆಂದರೆ ಕಥೆ ಮುಗಿಯುವ ಹಂತಕ್ಕೆ ಬರುತ್ತದೆ. ಮಾದೇಶ್ವರನ ಕಾವ್ಯದಲ್ಲಿ ಅದು ನಾಯಕನ ಸ್ಥಾಯಿಗುಣ. ಒಂದು ಕೊರತೆ ನೀಗಿದ ಕೂಡಲೇ ಅವನು ಮತ್ತೊಂದನ್ನು ಹೊತ್ತು ಮತ್ತೊಂದು ಮನೆಯ ಮುಂದೆ ನಿಲ್ಲುತ್ತಾನೆ.

ಸಂಕಮ್ಮನ ಸಾಲು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಶೀಲದ ಭಾಷೆಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅದಕ್ಕಾಗಿ ಅವಳು ಅನುಭವಿಸುವ ಹಿಂಸೆ ಕಾವ್ಯದ ಅತ್ಯಂತ ದಾರುಣ ಭಾಗ. ಮಾದೇಶ್ವರ ಅವಳ ನೆರವಿಗೆ ಬರುವುದೂ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸುವುದೂ ನಿಜ. ಆದರೆ ಈ ಸಾಲಿನಲ್ಲಿ ಕೇಳುಗರು ಹಿಂಬಾಲಿಸುವುದು ಸಂಕಮ್ಮನ ಹೆಜ್ಜೆಯನ್ನು. ನಾಯಕ ತನ್ನ ಸ್ಥಾನವನ್ನು ಸ್ವಲ್ಪ ಹೊತ್ತು ಅವಳಿಗೆ ಬಿಟ್ಟುಕೊಡುತ್ತಾನೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅವರು ಕನ್ನಡದ ಸ್ತ್ರೀಕೇಂದ್ರಿತ ಕಥೆಗಳಲ್ಲಿ ಮದುವೆ ಸುಖಾಂತ್ಯವಾಗದೆ ಸಂಕಟದ ಆರಂಭವಾಗುವುದನ್ನು ಗುರುತಿಸಿದ್ದಾರೆ. ಗಂಡಿನ ಹೆಸರಿನ ಮಹಾಕಾವ್ಯದೊಳಗೇ ಅಂಥ ಕಥೆಯೊಂದು ನೆಲೆ ಪಡೆದಿರುವುದಕ್ಕೆ ಸಂಕಮ್ಮನ ಸಾಲು ನಿದರ್ಶನ.

೪

ತಂಬೂರಿಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಇದೇ ತತ್ತ್ವ ಬೇರೆ ರೀತಿಯಲ್ಲಿ ಕಾಣಿಸುತ್ತದೆ. ಧರೆಗೆ ದೊಡ್ಡವನೆನಿಸಿದ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ನೋಡಿದವರು ಮೂಗು ಮುಚ್ಚಿಕೊಳ್ಳುವ ವೇಷದಲ್ಲಿ. ಅವನನ್ನು ಗುರುತಿಸುವುದೇ ಬಸವಣ್ಣನಿಗೂ ಶರಣರಿಗೂ ಒಡ್ಡಿದ ಪರೀಕ್ಷೆ. ನಾಯಕನ ರೂಪವೇ ಗುಣಕ್ಕೆ ಸಾಕ್ಷಿ ಎಂಬ ಶಾಸ್ತ್ರದ ನಿಯಮವನ್ನು ಕಾವ್ಯ ಮೊದಲಿಗೇ ತಲೆಕೆಳಗು ಮಾಡುತ್ತದೆ.

ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹುಟ್ಟಿನಿಂದ ಕಮ್ಮಾರರ ಮನೆಯ ಕೆಂಪಾಚಾರಿ. ಅವನನ್ನು ಗುರು ಕಳುಹಿಸುವುದು ಹಲಗೂರಿನ ಪಾಂಚಾಳರಲ್ಲಿಗೆ, ಕಬ್ಬಿಣದ ಭಿಕ್ಷೆಗಾಗಿ. ತನ್ನ ಕುಲದವರ ಮುಂದೆಯೇ ಭಿಕ್ಷುಕನಾಗಿ ನಿಲ್ಲಬೇಕಾದ ಈ ಸ್ಥಿತಿ ಸಾಮಾನ್ಯ ಅಪಮಾನವಲ್ಲ. ಪಾಂಚಾಳರು ಕೊಡಲೊಪ್ಪದೆ ಒಂದಾದ ಮೇಲೊಂದು ಪರೀಕ್ಷೆಗೆ ಅವನನ್ನು ಗುರಿಮಾಡುತ್ತಾರೆ. ಸಿದ್ದಪ್ಪಾಜಿ ಪವಾಡಗಳಿಂದ ಅವುಗಳನ್ನು ದಾಟುತ್ತಾನೆ. ನಾಯಕನ ಯಶಸ್ಸಿಗೆ ಪವಾಡವೇ ಕಾರಣವಲ್ಲವೇ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರವಿದೆ. ಪವಾಡ ತಾನಾಗಿ ಜರುಗುವುದಿಲ್ಲ. ನಿರಾಕರಣೆಯ ಬೆನ್ನಿಗೇ ಬರುತ್ತದೆ. ಬಾಗಿಲು ಮುಚ್ಚಿಸಿಕೊಂಡ ಅನುಭವವಿರುವ ಸಮುದಾಯಗಳು ಪವಾಡಕ್ಕಿಂತ ಮೊದಲು ಆ ಮುಚ್ಚಿದ ಬಾಗಿಲನ್ನು ಗುರುತಿಸುತ್ತವೆ. ಸಿದ್ದಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ನಡೆಯುವ ಜಾತ್ರೆಯಲ್ಲಿ ಹಲವು ಜಾತಿಗಳ ಜನ ಪಂಕ್ತಿಸೇವೆಯಲ್ಲಿ ಒಟ್ಟಿಗೆ ಕುಳಿತು ಉಣ್ಣುವುದು ಕಾವ್ಯದ ಈ ತಾತ್ಪರ್ಯಕ್ಕೆ ಹೊಂದುವ ಆಚರಣೆಯಾಗಿದೆ.

ಮೈಸೂರು ನಗರದ ನೆತ್ತಿಯ ಮೇಲಿರುವ ಚಾಮುಂಡಿಯ ಕಥೆಯೂ ಇದಕ್ಕೆ ಹೊರತಲ್ಲ. ಪುರಾಣದ ದೇವಿ ಸಕಲ ದೇವತೆಗಳ ತೇಜಸ್ಸಿನಿಂದ, ಆಯುಧಗಳಿಂದ ಸಂಪನ್ನಳಾಗಿಯೇ ಯುದ್ಧಕ್ಕೆ ಬರುತ್ತಾಳೆ. ಜನಪದರ ಚಾಮುಂಡಿ ಕಾದಾಡಿ ಬಳಲುತ್ತಾಳೆ. ಮಹಿಷನ ರಕ್ತದ ಹನಿಹನಿಗೂ ಹೊಸ ರಕ್ಕಸರು ಹುಟ್ಟುವಾಗ ಅವಳಿಗೆ ದಿಕ್ಕು ತೋಚದು. ಆಗ ನೆರವಾಗುವವಳು ತಂಗಿ ಉತ್ತನಹಳ್ಳಿಯ ಮಾರಮ್ಮ; ರಕ್ತ ನೆಲಕ್ಕೆ ಬೀಳದಂತೆ ನಾಲಗೆಯನ್ನು ಚಾಚುತ್ತಾಳೆ. ಬೆಟ್ಟದ ಮೇಲಿನ ದೇವಿಯ ಗೆಲುವಿನಲ್ಲಿ ಬೆಟ್ಟದ ತಪ್ಪಲಿನ ಗ್ರಾಮದೇವತೆಗೆ ಪಾಲು ಸಿಕ್ಕಿರುವುದು ಹೀಗೆ. ಅದೇ ಚಾಮುಂಡಿ ನಂಜನಗೂಡಿನ ನಂಜುಂಡನ ಪ್ರಣಯದ ಹಾಡುಗಳಲ್ಲಿ ಒಲಿಯುವ, ಮುನಿಯುವ, ಸವತಿಯೊಡನೆ ಜಗಳವಾಡುವ ಹೆಣ್ಣಾಗಿಬಿಡುತ್ತಾಳೆ. ಇದರಿಂದ ಅವಳ ಹಿರಿಮೆ ಕುಂದಿತೆಂದು ಹಾಡುವವರು ಎಣಿಸಿದಂತಿಲ್ಲ.

೫

ಮೇಲಿನ ವಿವೇಚನೆಯಿಂದ ಹೊರಡುವ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಶಿಷ್ಟ ಪರಂಪರೆಯ ನಾಯಕ ತನ್ನಲ್ಲಿರುವ ಗುಣಗಳಿಂದ ನಾಯಕನಾಗುತ್ತಾನೆ. ದುರಂತ ನಾಯಕ ತನ್ನ ದೋಷದಿಂದ ನಮ್ಮ ಮರುಕವನ್ನು ಗಳಿಸುತ್ತಾನೆ. ಮೈಸೂರು ಸೀಮೆಯ ಮೌಖಿಕ ಕಾವ್ಯಗಳ ನಾಯಕ ತನ್ನಲ್ಲಿ ಇಲ್ಲದುದರಿಂದ ಇತರರಿಗೆ ಎಡೆಮಾಡಿಕೊಡುತ್ತಾನೆ. ಅವನ ಯಶಸ್ಸನ್ನು ಅಳೆಯಬೇಕಾದುದು ಅವನು ಗೆದ್ದ ಶತ್ರುಗಳ ಸಂಖ್ಯೆಯಿಂದಲ್ಲ, ಅವನ ಕಥೆಯಲ್ಲಿ ತಮ್ಮದೂ ಒಂದು ಸಾಲಿದೆ ಎಂದು ಹೇಳಿಕೊಳ್ಳಬಲ್ಲ ಒಕ್ಕಲುಗಳ ಸಂಖ್ಯೆಯಿಂದ.

ಈ ಮಾತಿಗೆ ಇಂದು ವಿಶೇಷ ಪ್ರಸ್ತುತತೆಯಿದೆ. ಕಂಸಾಳೆ, ತಂಬೂರಿಗಳ ಸುತ್ತ ಇರುಳಿಡೀ ಬೆಳೆಯುತ್ತಿದ್ದ ಕಥೆಗಳು ಧ್ವನಿಸುರುಳಿ, ಚಲನಚಿತ್ರ, ಕಿರುತೆರೆಗಳಿಗೆ ಸಾಗಿವೆ. ೨೦೧೮ರಲ್ಲಿ ಆರಂಭವಾದ ‘ಉಘೇ ಉಘೇ ಮಾದೇಶ್ವರ’ ಧಾರಾವಾಹಿ ಕನ್ನಡನಾಡಿನ ಮನೆಮನೆಗೆ ಮಾದೇಶ್ವರನನ್ನು ಪರಿಚಯಿಸಿತು. ಮಾಧ್ಯಮದ ಬದಲಾವಣೆ ಜಾನಪದಕ್ಕೆ ಹೊಸತಲ್ಲ, ಅದನ್ನು ಹಾನಿಯೆಂದೇ ಭಾವಿಸಬೇಕಾಗಿಲ್ಲ. ಆದರೆ ನಾಯಕನನ್ನು ಆರಂಭದಿಂದಲೇ ಸರ್ವಶಕ್ತನನ್ನಾಗಿ, ನಿರ್ದೋಷಿಯನ್ನಾಗಿ ಚಿತ್ರಿಸುವ ಆಕರ್ಷಣೆ ಎಲ್ಲ ಹೊಸ ಮಾಧ್ಯಮಗಳಿಗೂ ಇರುತ್ತದೆ. ಭಕ್ತಿಯ ದೃಷ್ಟಿಯಿಂದ ಇದು ಸಹಜವೇ. ಕಾವ್ಯದ ದೃಷ್ಟಿಯಿಂದ ಇದರ ಬೆಲೆ ದೊಡ್ಡದು. ರಾಗಿ ಬೀಸದ ಮಾದೇಶ್ವರನಿಗೆ ಬೀಸುವವರ ನಂಟು ತಪ್ಪುತ್ತದೆ. ತಾನೊಬ್ಬನೇ ಶ್ರವಣನನ್ನು ಗೆಲ್ಲಬಲ್ಲ ಮಾದೇಶ್ವರನಿಗೆ ಹರಳಯ್ಯ ಬೇಕಾಗುವುದಿಲ್ಲ. ಹರಳಯ್ಯ ಬೇಡವಾದ ದಿನ ಅವನ ಕುಲದವರು ಕಥೆಯ ಪಾಲುದಾರರಾಗಿ ಉಳಿಯದೆ ಬರಿಯ ನೋಡುಗರಾಗುತ್ತಾರೆ.

ಆದುದರಿಂದ ಪಠ್ಯಸಂಪಾದನೆಯಲ್ಲಿ ಅಪಮಾನದ, ಸೋಲಿನ, ಭಿಕ್ಷೆಯ ಪ್ರಸಂಗಗಳನ್ನು ಅಪ್ರಧಾನವೆಂದು ಸಂಕ್ಷೇಪಿಸದೆ, ಗಾಯಕರು ಹಾಡಿದಷ್ಟೂ ವಿಸ್ತಾರದಲ್ಲಿ ಉಳಿಸಿಕೊಳ್ಳುವುದು ಅಗತ್ಯ. ಒಬ್ಬ ಗಾಯಕ ಒಂದೇ ಮಾತಿನಲ್ಲಿ ಮುಗಿಸಿದ ಪ್ರಸಂಗವನ್ನು ಇನ್ನೊಬ್ಬನು ಬಹುಹೊತ್ತು ಹಾಡಬಹುದು. ಯಾವ ಗಾಯಕ ಯಾವ ಕೇರಿಯಲ್ಲಿ ಯಾವ ಸಾಲನ್ನು ಹಿಗ್ಗಿಸಿ ಹಾಡಿದ ಎಂಬ ವಿವರವೂ ಪಠ್ಯದ ಜೊತೆಗೆ ದಾಖಲಾಗಬೇಕು. ಯಾರ ಮನೆಯ ಮುಂದೆ ನಾಯಕ ಎಷ್ಟು ಹೊತ್ತು ನಿಂತನೆಂಬುದು ತಿಳಿಯುವುದು ಅಂಥ ದಾಖಲೆಗಳಿಂದಲೇ.