ಯಾಂತ್ರಿಕ ದೋಷದಿಂದಲ್ಲ

ಮೋಟಾರು ಅಪಘಾತದ ಕೋರ್ಟ್ ಕಡತಗಳನ್ನು ಓದುವ ಚಟ ಹತ್ತಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ಅಪಘಾತವು ವಾಹನದ ಯಾವುದೇ ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ. ಪೊಲೀಸರ ಕೋರಿಕೆಯ ಮೇಲೆ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರು ಜಖಂಗೊಂಡ ಗಾಡಿಯನ್ನು ನೋಡಿ ಬರೆದುಕೊಡುವ ವರದಿಯ ಕೊನೆಯ ಸಾಲು ಇದು. ವಕೀಲರ ಬಾಯಲ್ಲಿ ಅದು ಐಎಂವಿ ರಿಪೋರ್ಟು. ಮುಂದಿನ ಗಾಜು ಒಡೆದಿದೆ, ಬಲಬದಿಯ ಬಂಪರ್ ನುಗ್ಗಾಗಿದೆ, ಬ್ರೇಕ್ ಸರಿ ಇದೆ, ಸ್ಟಿಯರಿಂಗ್ ಸರಿ ಇದೆ. ಆಮೇಲೆ ಆ ಸಾಲು. ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ರಸ್ತೆಯಲ್ಲಿ ಸತ್ತವರ ಬಗ್ಗೆ ತಂತ್ರಜ್ಞಾನ ಬಲ್ಲವರೊಬ್ಬರು ಕೋರ್ಟಿಗೆ ಹೇಳುವ ಮಾತು ಹೆಚ್ಚುಕಡಿಮೆ ಇದೊಂದೇ.

ಮಾತು ಸಣ್ಣದು, ಆದರೆ ಅದು ಮಾಡುವ ಕೆಲಸ ದೊಡ್ಡದು. ಗಾಡಿಯದು ತಪ್ಪಿಲ್ಲ ಎಂದಮೇಲೆ ಉಳಿಯುವವನು ಚಾಲಕ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಪದಗಳು ಮೊದಲೇ ಬಂದು ಕುಳಿತಿರುತ್ತವೆ. ರಸ್ತೆ? ಅದರ ಬಗ್ಗೆ ಕೇಳುವ ಕಾಲಂ ಆ ವರದಿಯಲ್ಲಿ ಇಲ್ಲ.

ಎಂಜಿನಿಯರೊಬ್ಬನ ಅಭಿಪ್ರಾಯವನ್ನು ಸಾಕ್ಷ್ಯವೆಂದು ಒಪ್ಪುವ ಪದ್ಧತಿಗೆ ಇನ್ನೂರ ನಲವತ್ತು ವರ್ಷ ದಾಟಿದೆ. 1782ರಲ್ಲಿ ಇಂಗ್ಲೆಂಡಿನ ವೆಲ್ಸ್ ಬಂದರು ಹೂಳಿನಿಂದ ತುಂಬುತ್ತಿದ್ದುದಕ್ಕೆ ಪಕ್ಕದ ಏರಿ ಕಾರಣವೇ ಎಂಬ ವ್ಯಾಜ್ಯ ನಡೆದಾಗ, ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ಹೇಳಿದ್ದನ್ನು ಕೇಳಲೇಬೇಕು ಎಂದು ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪಿತ್ತ. ಕೆರೆ ಏರಿಯ ಜಗಳಗಳನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ ಇದು ಅಪರಿಚಿತ ಕಥೆಯೇನಲ್ಲ. ಅದೇ ತತ್ತ್ವ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಕಲಮಾಗಿ ಇಲ್ಲಿಗೆ ಬಂತು. 2024ರ ಜುಲೈ 1ರಿಂದ ಹೊಸ ಕಾನೂನಿನ 39ನೇ ಕಲಮಾಗಿ ಮುಂದುವರಿದಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಬಂದವರು ಕಡಿಮೆ.

ಅದರ ಪರಿಣಾಮ ಏನೆಂಬುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣವಿದೆ. 1982ರ ನವೆಂಬರಿನಲ್ಲಿ ಹಳ್ಳ ದಾಟುವಾಗ ಲಾರಿಯೊಂದು ಮಗುಚಿ ಹದಿನೈದು ಜನ ಸತ್ತರು. ಕೆಳಗಿನ ಕೋರ್ಟು ಚಾಲಕನಿಗೆ ಶಿಕ್ಷೆ ವಿಧಿಸಿತು, ಹೈಕೋರ್ಟ್ ಬಿಡುಗಡೆ ಮಾಡಿತು, ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1998ರಲ್ಲಿ ಬಂದ ತೀರ್ಪು ಚಿಕ್ಕದು. ಕಾನೂನು ವಿದ್ಯಾರ್ಥಿಗಳು ಅದನ್ನು ಓದುತ್ತಾರೆ, ಉಳಿದವರೂ ಓದಬೇಕು. ಸಾಕ್ಷಿಗಳು ಲಾರಿ ‘ಹೈ ಸ್ಪೀಡ್’ನಲ್ಲಿತ್ತು ಎಂದಿದ್ದರು. ಹೈ ಸ್ಪೀಡ್ ಎಂದರೆ ಅಂದಾಜು ಎಷ್ಟು ಎಂದು ಒಬ್ಬರೂ ಹೇಳಿರಲಿಲ್ಲ. ವೇಗವಾಗಿತ್ತು ಎಂದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾಗದು ಎಂದಿತು ನ್ಯಾಯಾಲಯ. ಇನ್ನೊಂದು ಮಾತನ್ನೂ ಸೇರಿಸಿತು: ಗಾಡಿಯನ್ನು ನೋಡಿದ ನಿರೀಕ್ಷಕರು ವರದಿ ಕೊಟ್ಟಿದ್ದರಂತೆ, ಆದರೆ ಆ ವರದಿ ಕಡತದಲ್ಲಿಲ್ಲ, ನಿರೀಕ್ಷಕರನ್ನು ಸಾಕ್ಷಿಯಾಗಿ ಕರೆಸಿಯೂ ಇಲ್ಲ. ಹದಿನೈದು ಸಾವು, ಹದಿನಾರು ವರ್ಷದ ವ್ಯಾಜ್ಯ, ಇಷ್ಟಾದರೂ ಆ ಹಳ್ಳದ ಬಳಿ ನಿಜವಾಗಿ ಏನಾಯಿತು ಎಂಬುದು ತಿಳಿಯಲೇ ಇಲ್ಲ.

ತಿಳಿಯಲು ಸಾಧ್ಯವಿತ್ತೇ? ಬಹುಮಟ್ಟಿಗೆ ಇತ್ತು. ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಹಾಕಿಕೊಂಡು ಜಾರಿದರೆ ಡಾಂಬರಿನ ಮೇಲೆ ಕಪ್ಪು ಗೆರೆ ಬೀಳುತ್ತದೆ. ಆ ಗೆರೆಯ ಉದ್ದ, ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಪ್ರಮಾಣ, ಇವೆರಡು ಗೊತ್ತಿದ್ದರೆ ಕನಿಷ್ಠ ವೇಗವನ್ನು ಲೆಕ್ಕ ಹಾಕಬಹುದು. ಪಿಯುಸಿ ಭೌತಶಾಸ್ತ್ರ ಸಾಕು. ಒಣ ಡಾಂಬರಿನ ಮೇಲೆ 20 ಮೀಟರ್ ಗೆರೆ ಎಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್. ಗೆರೆ 40 ಮೀಟರ್ ಆದರೆ ವೇಗ 120 ಆಗುವುದಿಲ್ಲ, ಸುಮಾರು 84 ಆಗುತ್ತದೆ. ಪಾಟೀಸವಾಲಿನಲ್ಲಿ ತಜ್ಞನ ಮಾತಿಗೆ ಬೆಲೆ ಬರುವುದು ಇಂಥ ಕಡೆ, ಏಕೆಂದರೆ ಕಣ್ಣಂದಾಜು ಇಲ್ಲಿ ಮೋಸ ಹೋಗುತ್ತದೆ.

ರಾತ್ರಿ ಹೆದ್ದಾರಿಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಗಾಡಿ ಗುದ್ದಿದರೆ ಮೊದಲ ಪ್ರಶ್ನೆ, ಲಾರಿಯ ಹಿಂದಿನ ದೀಪ ಉರಿಯುತ್ತಿತ್ತೇ. ಚಾಲಕ ಉರಿಯುತ್ತಿತ್ತು ಎನ್ನುತ್ತಾನೆ, ಗುದ್ದಿದವನ ಕಡೆಯವರು ಇಲ್ಲ ಎನ್ನುತ್ತಾರೆ. ಹಳೆಯ ಬಲ್ಬಿನ ತಂತಿ ಇದಕ್ಕೆ ಉತ್ತರ ಹೇಳಬಲ್ಲದು: ಉರಿಯುತ್ತಿದ್ದ ತಂತಿ ಕಾದು ಮೆತ್ತಗಿರುವುದರಿಂದ ಏಟಿಗೆ ಹಿಗ್ಗಿ ಸೊಟ್ಟಗಾಗುತ್ತದೆ, ಆರಿದ್ದ ತಂತಿ ಹಿಗ್ಗದೆ ಪಟಕ್ಕನೆ ತುಂಡಾಗುತ್ತದೆ. ಟೈರೂ ಹಾಗೆಯೇ. ಗಾಳಿ ಹೋದ ಮೇಲೂ ಉರುಳಿದ ಟೈರಿನ ಪಕ್ಕದ ಗೋಡೆ ಸುತ್ತಲೂ ನಲುಗಿರುತ್ತದೆ, ಡಿಕ್ಕಿಯಲ್ಲಿ ಹರಿದದ್ದರಲ್ಲಿ ಆ ಸುತ್ತುಗುರುತು ಇರುವುದಿಲ್ಲ.

ಟೈರು ಮೊದಲು ಸಿಡಿಯಿತೇ ಆಮೇಲೋ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ತನ್ನದೇ ಅಜಾಗರೂಕತೆಯಿಂದ ಸತ್ತ ಚಾಲಕನ ಹೆಂಡತಿ ಮಕ್ಕಳು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರ ಕೇಳುವಂತಿಲ್ಲ. 2014ರಲ್ಲಿ ಅರಸೀಕೆರೆ ಕಡೆ ಹೋಗುತ್ತಿದ್ದ ಕಾರೊಂದು ಮಗುಚಿ ಚಾಲಕ ಸತ್ತ ಪ್ರಕರಣದಲ್ಲಿ ಕುಟುಂಬ 80 ಲಕ್ಷ ರೂಪಾಯಿ ಕೇಳಿತ್ತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ಸತ್ತವನ ಮೇಲೆ ಪೊಲೀಸರು ಹಾಕುವ ದೋಷಾರೋಪ ಪಟ್ಟಿಯ ಭಾರ ಬದುಕಿದವರ ಮೇಲೆ ಬೀಳುತ್ತದೆ.

ರಸ್ತೆಯ ಕಡೆ ಯಾರೂ ನೋಡದಿರುವುದಕ್ಕೆ ಸೋಮಾರಿತನವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿಗಳು ಬಂದವು. ಉದ್ದೇಶ ಒಳ್ಳೆಯದೇ: ಸಿವಿಲ್ ದಾವೆಯ ಸುಳಿಯಲ್ಲಿ ಸಿಕ್ಕದೆ ನೊಂದವರಿಗೆ ಬೇಗ ಹಣ ಸಿಗಲಿ ಎಂದು. ಆದರೆ ಹಣ ಕೊಡುವುದು ವಿಮಾ ಕಂಪನಿ, ಅದು ಕೊಡಬೇಕಾದರೆ ಚಾಲಕನ ತಪ್ಪು ಕಾಣಬೇಕು. ಹಾಗಾಗಿ ಸತ್ತವರ ಕಡೆಯ ವಕೀಲರಿಗೆ ರಸ್ತೆಯ ತಿರುವು ಬೇಡ. ಎದುರಿನ ಚಾಲಕನದೂ ಪಾಲಿದೆ ಎನ್ನುವ ವಿಮಾ ಕಂಪನಿಗೂ ಬೇಡ. ಕಡತ ಮುಗಿಸಬೇಕಾದ ಠಾಣೆಗಂತೂ ಬೇಡವೇ ಬೇಡ. ಮಹಜರಿನ ನಕ್ಷೆಯಲ್ಲಿ ರಸ್ತೆ ಎರಡು ಸಮಾನಾಂತರ ಗೆರೆಗಳಾಗಿ, ಉತ್ತರ ದಿಕ್ಕಿನ ಬಾಣದೊಂದಿಗೆ, ಸುಮ್ಮನೆ ಮಲಗಿರುತ್ತದೆ.

2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಮಗುಚಿತು. ಸತ್ತವರಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದರು. ಬಸ್ಸಿನಲ್ಲಿ ಮಿತಿಮೀರಿ ಜನರಿದ್ದರು. ಬಸ್ಸು ಏಕೆ ಮಗುಚುತ್ತದೆ ಎಂಬುದಕ್ಕೆ ಎಂಜಿನಿಯರ್ ಮೂರು ಸಂಗತಿ ಅಳೆಯುತ್ತಾನೆ: ಎಡಬಲ ಚಕ್ರಗಳ ನಡುವಿನ ಅಂತರ, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರ, ತಿರುವು ಎಷ್ಟು ಬಿಗಿ. ನಿಂತವರು ಹೆಚ್ಚಿದಂತೆ ಭಾರದ ಕೇಂದ್ರ ಮೇಲೇರುತ್ತದೆ, ದಿನವೂ ದಾಟುತ್ತಿದ್ದ ವೇಗವೇ ಆ ದಿನ ಹೆಚ್ಚಾಗಿಬಿಡುತ್ತದೆ. ತಿರುವಿನ ಹೊರ ಅಂಚನ್ನು ಎತ್ತರಿಸಿ ಇದನ್ನು ಸರಿದೂಗಿಸಬೇಕು. ಬಯಲುಸೀಮೆಯ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಶೇ 7ರವರೆಗೆ ಎತ್ತರಿಸಲು ಹೇಳುತ್ತದೆ. ನಮ್ಮ ತಾಲ್ಲೂಕುಗಳ ಎಷ್ಟೋ ರಸ್ತೆಗಳು ಕೆರೆ ಏರಿಯ ಮೇಲೇ ಹೋಗುತ್ತವೆ. ಏರಿ ಬಾಗುವುದು ನೀರಿನ ಅನುಕೂಲಕ್ಕೆ. ಎತ್ತಿನ ಗಾಡಿಗೆ ಅದರಿಂದ ತೊಂದರೆಯಿರಲಿಲ್ಲ. ಇನ್ನು, ಮಕ್ಕಳು ಆ ಒಂದೇ ಬಸ್ಸಿಗೆ ಏಕೆ ಹತ್ತಿದರು ಎಂಬ ಪ್ರಶ್ನೆಯನ್ನು ಯಾವ ಟೇಪಿನಿಂದಲೂ ಅಳೆಯಲಾಗದು.

ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ, ಬಾಲೇನಹಳ್ಳಿ ಬಳಿ, ಲಾರಿ ಮತ್ತು ಕ್ರೂಸರ್ ನಡುವೆ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು, ಒಂದೇ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ.

ಪಾವಗಡದ ಗಡಿಯಾಚೆ ಪೆನುಕೊಂಡವಿದೆ. 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಗೆ ಬಂದದ್ದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ. ಆ ಆಯುಕ್ತರು ರೈಲ್ವೆ ಮಂಡಳಿಯ ಕೈಕೆಳಗಿನವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ರೈಲು ಓಡಿಸುವವರೇ ರೈಲಿನ ತಪ್ಪು ಹುಡುಕಬಾರದೆಂದು 1941ರಲ್ಲೇ ಈ ಇಲಾಖೆಯನ್ನು ಬೇರೆ ಮಾಡಿದ್ದರು. ಹಳಿಯ ಮೇಲೆ ಸತ್ತವರಿಗೆ ಸಿಕ್ಕ ಈ ಏರ್ಪಾಟು ಡಾಂಬರಿನ ಮೇಲೆ ಸತ್ತವರಿಗೆ ಎಂಬತ್ತು ವರ್ಷ ಕಳೆದರೂ ಸಿಕ್ಕಿಲ್ಲ.

ಕಾನೂನು ಸ್ವಲ್ಪ ಕದಲಿದೆ. 2022ರ ಏಪ್ರಿಲ್‌ನಿಂದ ಪೊಲೀಸರು ನ್ಯಾಯಮಂಡಳಿಗೆ ವಿವರವಾದ ಅಪಘಾತ ವರದಿ ಸಲ್ಲಿಸಬೇಕು. ಅದಕ್ಕೂ ಮೊದಲು, 2019ರ ತಿದ್ದುಪಡಿಯಲ್ಲಿ 198ಎ ಎಂಬ ಹೊಸ ಕಲಮು ಬಂತು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೆ ಗುತ್ತಿಗೆದಾರ, ಸಲಹೆಗಾರ, ಅಧಿಕಾರಿ ಯಾರೇ ಆಗಲಿ ದಂಡ ತೆರಬೇಕು. ಆದರೆ ಅದನ್ನು ಸಾಬೀತು ಮಾಡಲು ತಿರುವಿನ ಅಳತೆ ಬೇಕು, ಹೊರ ಅಂಚಿನ ಎತ್ತರ ಬೇಕು, ಸೂಚನಾ ಫಲಕ ಆ ದಿನ ಇತ್ತೇ ಎಂಬುದಕ್ಕೆ ಫೋಟೊ ಬೇಕು. ದೊಡ್ಡ ಅಪಘಾತವಾದ ವಾರದೊಳಗೆ ಅದೇ ಜಾಗಕ್ಕೆ ಹೊಸ ಫಲಕ, ಹೊಸ ಹಂಪು, ಹೊಸ ಡಾಂಬರಿನ ತೇಪೆ ಬಂದುಬಿಡುವುದನ್ನು ನೀವೂ ನೋಡಿರುತ್ತೀರಿ. ಅದರಡಿಯಲ್ಲಿ ಗೆರೆಯೂ ಹೋಗುತ್ತದೆ, ಗುಂಡಿಯೂ ಹೋಗುತ್ತದೆ. 198ಎ ಅಡಿ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ ದಂಡ. ಅದೂ ಸತ್ತವರ ಮನೆಗೆ ಹೋಗುವುದಿಲ್ಲ, ಕೇಂದ್ರದ ಮೋಟಾರು ವಾಹನ ಅಪಘಾತ ನಿಧಿಗೆ ಜಮೆಯಾಗುತ್ತದೆ.