ಸ್ವರ ದಾಟಿತು, ಕಾರ್ಡ್ ಉಳಿಯಿತು: ಸಂಯೋಜನಾ ತಂತ್ರಾಂಶದಿಂದ ವರ್ಕ್‌ಸ್ಟೇಷನ್‌ಗೆ ಸಂಗೀತದ ಸಾಗಣೆ

ಪಿಯಾನೊ ಟ್ರ್ಯಾಕ್ ಒಂದರಲ್ಲಿ ಸ್ವರಗಳ ಮೂರು ಗುಚ್ಛಗಳನ್ನು ಬರೆಯೋಣ. ಮೊದಲನೆಯದು 65, 69, 72, 76. ಎರಡನೆಯದು 65, 68, 71, 74. ಮೂರನೆಯದು 64, 67, 69, 72. ಇವು ಮಿಡಿ ವ್ಯವಸ್ಥೆಯಲ್ಲಿ ಕೀಬೋರ್ಡಿನ ಮನೆಗಳಿಗೆ ಕೊಟ್ಟಿರುವ ಸಂಖ್ಯೆಗಳು. ಪಿಯಾನೊದ ನಟ್ಟನಡುವಿನ ಸಿ ಸ್ವರಕ್ಕೆ 60. ಇನ್ನೊಂದು ಟ್ರ್ಯಾಕ್‌ನಲ್ಲಿ ಬೇಸ್ ಗಿಟಾರ್ ಕ್ರಮವಾಗಿ 38, 43, 36 ನುಡಿಸಲಿ. ಜಾಝ್ ಬಲ್ಲವರಿಗೆ ಇದು ತೀರ ಪರಿಚಿತ ನಡೆ: ಡಿ ಮೈನರ್ ನೈನ್, ಜಿ ಸೆವೆನ್ ಫ್ಲ್ಯಾಟ್ ನೈನ್, ಸಿ ಸಿಕ್ಸ್. ಸಿ ಮೇಜರ್‌ನ ಎರಡನೆಯ ಕಾರ್ಡಿನಿಂದ ಐದನೆಯದಕ್ಕೆ, ಅಲ್ಲಿಂದ ಒಂದನೆಯದಕ್ಕೆ ಮರಳುವ ಹಾದಿ. ಪಿಯಾನೊದ ಪ್ರತಿ ಸ್ವರವೂ ಇದ್ದಲ್ಲೇ ನಿಲ್ಲುತ್ತದೆ, ಇಲ್ಲವೇ ಒಂದೆರಡು ಮನೆ ಕೆಳಗಿಳಿಯುತ್ತದೆ. ಮೂಲಸ್ವರವನ್ನು ಬೇಸ್‌ಗೆ ಬಿಟ್ಟುಕೊಟ್ಟು ಹೀಗೆ ನುಡಿಸುವುದು ಪಿಯಾನೊ ವಾದಕರ ರೂಢಿ.

ಈಗ ಪಿಯಾನೊ ಟ್ರ್ಯಾಕನ್ನು ಮಾತ್ರ ಮಿಡಿ ಕಡತವಾಗಿಸಿ ಧ್ವನಿಮುದ್ರಣದ ವರ್ಕ್‌ಸ್ಟೇಷನ್‌ಗೆ ಎಳೆದು ಹಾಕಿ, ಕಾರ್ಡ್ ಗುರುತಿಸಲು ಹೇಳೋಣ. ಎಫ್, ಎ, ಸಿ, ಇ ಎಂದರೆ ಎಫ್ ಮೇಜರ್ ಸೆವೆನ್. ಮುಂದಿನದು ಡಿಮಿನಿಷ್ಡ್ ಸೆವೆಂತ್. ಅದರ ನಾಲ್ಕು ಸ್ವರಗಳಲ್ಲಿ ಯಾವುದನ್ನಾದರೂ ಮೂಲವೆನ್ನಬಹುದು. ಕೊನೆಯದು ಎ ಮೈನರ್ ಸೆವೆನ್ ಎಂದು ಓದಿಸಿಕೊಳ್ಳಬಹುದು, ಏಕೆಂದರೆ ಅದಕ್ಕೂ ಸಿ ಸಿಕ್ಸ್‌ಗೂ ಸ್ವರಗಳು ಒಂದೇ. ಒಂದು ಸ್ವರವೂ ಕಳೆದುಹೋಗಿಲ್ಲ, ಕಾಲವೂ ಅಳತೆಯೂ ಬದಲಾಗಿಲ್ಲ. ಆದರೆ ಐದನೆಯ ಕಾರ್ಡಿನ ಬಿಗುವೂ ಷಡ್ಜಕ್ಕೆ ಮರಳಿದ ನೆಮ್ಮದಿಯೂ ಕಾಗದದ ಮೇಲೆ ಇಲ್ಲ. ಗುರುತಿಸುವ ತಂತ್ರಾಂಶವನ್ನು ಇಲ್ಲಿ ದೂರುವಂತಿಲ್ಲ. ಅದಕ್ಕೆ ಕೊಟ್ಟ ದತ್ತಾಂಶದಲ್ಲಿ ಉತ್ತರವೇ ಇರಲಿಲ್ಲ. ಕಾರ್ಡ್ ಎಂಬುದು ಸ್ವರಗಳ ರಾಶಿಯಲ್ಲ, ಆ ರಾಶಿಯ ಬಗ್ಗೆ ಸಂಯೋಜಕ ತಳೆದ ನಿರ್ಣಯ. ಆ ನಿರ್ಣಯವನ್ನು ಸ್ವರಗಳ ಜೊತೆಗೆ ಬೇರೆಯಾಗಿಯೇ ಕಳುಹಿಸಬೇಕು ಎಂಬುದು ಈ ಲೇಖನದ ವಾದ.

ಮಿಡಿ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಪ್ರದರ್ಶನದಲ್ಲಿ ಪ್ರಾಫೆಟ್-600 ಮತ್ತು ರೋಲ್ಯಾಂಡ್ ಜುಪಿಟರ್-6 ಎಂಬ ಎರಡು ಸಿಂಥಸೈಜರ್‌ಗಳನ್ನು ಕೇಬಲ್‌ನಿಂದ ಜೋಡಿಸಿ ತೋರಿಸಿದರು. ಅದರ ಹಿಂದೆ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರ ದುಡಿಮೆಯಿತ್ತು. ಯಾವ ಮನೆ ಒತ್ತಲಾಯಿತು, ಎಷ್ಟು ರಭಸದಲ್ಲಿ, ಯಾವಾಗ ಬಿಡಲಾಯಿತು ಎಂಬುದನ್ನು ಇನ್ನೊಂದು ವಾದ್ಯಕ್ಕೆ ತಿಳಿಸಿದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು. 1988ರಲ್ಲಿ ಇದನ್ನೇ ಕಡತವಾಗಿ ಉಳಿಸುವ ಮಾನಕ ಬಂತು. ಅದರಲ್ಲಿ ಲಯಕ್ಕೆ, ತಾಳದ ಅಳತೆಗೆ, ಸಾಹಿತ್ಯದ ಉಚ್ಚಾರಾಂಶಗಳಿಗೆ ಸ್ಥಾನವಿದೆ. ಕಾರ್ಡಿನ ಹೆಸರಿಗೆ ಇಲ್ಲ.

68 ಎಂಬ ಸಂಖ್ಯೆಯನ್ನೇ ನೋಡಿ. ಮೇಲಿನ ಎರಡನೆಯ ಗುಚ್ಛದಲ್ಲಿ ಅದು ಎ ಫ್ಲ್ಯಾಟ್, ಜಿ ಸ್ವರಕ್ಕಿಳಿಯಲು ಹವಣಿಸುವ ಸ್ವರ. ಇ ಸೆವೆನ್ ಕಾರ್ಡಿನಲ್ಲಿ ಅದೇ 68 ಜಿ ಶಾರ್ಪ್ ಆಗಿ ಎ ಸ್ವರದತ್ತ ಏರಬಯಸುತ್ತದೆ. ಮಿಡಿಗೆ ಎರಡೂ ಒಂದೇ. 60ನ್ನು ಯಮಹಾ ಮೊದಲಾದವರು ಸಿ3 ಎಂದೂ ಇತರರು ಸಿ4 ಎಂದೂ ಕರೆಯುವುದು ಇದರ ಮುಂದೆ ಸಣ್ಣ ತೊಡಕು. ಅಲ್ಲಿ ಲೇಬಲ್ ಮಾತ್ರ ಬೇರೆ, ಧ್ವನಿ ಬೇರೆಯಲ್ಲ.

ಕಾಲದ ತೊಡಕು ಇನ್ನೂ ಸೂಕ್ಷ್ಮವಾದದ್ದು. ವಾದಕರು ಕಾರ್ಡನ್ನು ಆವರ್ತದ ಆರಂಭಕ್ಕಿಂತ ಅರ್ಧ ಎಣಿಕೆ ಮೊದಲೇ ಎತ್ತಿಕೊಳ್ಳುವುದು ಸಾಮಾನ್ಯ. ಬರೆದವರ ಮನಸ್ಸಿನಲ್ಲಿ ಕಾರ್ಡ್ ಬದಲಾಗುವುದು ಆವರ್ತದ ಆರಂಭದಲ್ಲೇ. ಸ್ವರಗಳನ್ನು ಮಾತ್ರ ನೋಡಿ ಊಹಿಸುವ ಯಂತ್ರಕ್ಕೆ ಹಿಂದಿನ ಆವರ್ತದ ಬಾಲದಲ್ಲಿ ಹೊಸ ಕಾರ್ಡೊಂದು ಕಾಣಿಸುತ್ತದೆ. ಸ್ವರಗಳನ್ನು ಬಿಡಿಸಿ ನುಡಿಸಿದಾಗಲೂ, ಬೆರಳೆತ್ತಿದ ಮೇಲೆ ಪೆಡಲ್ ಒತ್ತಿ ನಾದ ಉಳಿಸಿಕೊಂಡಾಗಲೂ ಇದೇ ಕಥೆ.

ಈ ಕೊರತೆಯನ್ನು ತುಂಬಲು ಹಲವರು ಹಲವು ದಾರಿ ಹಿಡಿದರು. ಮಿಡಿ ಕಡತದಲ್ಲಿ ತಯಾರಕರು ತಮ್ಮದೇ ಮಾಹಿತಿ ಇಡಲು ಒಂದು ಖಾಸಗಿ ಜಾಗವಿದೆ. ಯಮಹಾ ತನ್ನ ಎಕ್ಸ್‌ಎಫ್ ವಿನ್ಯಾಸದಲ್ಲಿ ಅಲ್ಲಿ ಕಾರ್ಡಿನ ಮೂಲಸ್ವರ, ಬಗೆ, ಬೇಸ್ ಸ್ವರಗಳನ್ನು ಬರೆಯಿತು. ಯಮಹಾದ ಕೀಬೋರ್ಡುಗಳಿಗೆ ಅದು ಅರ್ಥವಾಗುತ್ತದೆ. ಅದನ್ನು ಅರಿಯದ ಉಪಕರಣಗಳು ದಾಟಿ ಮುಂದೆ ಹೋಗುತ್ತವೆ. ಕಡತದ ಮಾರ್ಕರ್‌ಗಳಲ್ಲಿ ಕಾರ್ಡಿನ ಹೆಸರನ್ನು ಅಕ್ಷರವಾಗಿ ಬರೆಯುವ ಉಪಾಯವೂ ಉಂಟು. ಅದು ಮನುಷ್ಯರ ಕಣ್ಣಿಗೆ ಸಾಕು. ಯಂತ್ರಕ್ಕೆ ಸಾಲದು, ಏಕೆಂದರೆ ಮೇಜರ್ ಸೆವೆನ್ ಎಂಬುದನ್ನೇ ಒಬ್ಬರು ದೊಡ್ಡ ಅಕ್ಷರದಲ್ಲಿ, ಇನ್ನೊಬ್ಬರು ಮೊಟಕು ಪದದಲ್ಲಿ, ಮತ್ತೊಬ್ಬರು ತ್ರಿಕೋನದ ಗುರುತಿನಲ್ಲಿ ಬರೆಯುತ್ತಾರೆ.

ಮೈಕೆಲ್ ಗುಡ್ ರೂಪಿಸಿದ ಮ್ಯೂಸಿಕ್‌ಎಕ್ಸ್‌ಎಂಎಲ್ ಈ ವಿಷಯದಲ್ಲಿ ನಿಜವಾಗಿಯೂ ಹೆಚ್ಚು ವಿವೇಕದ್ದು. 2004ರಲ್ಲಿ ಅದರ ಮೊದಲ ಆವೃತ್ತಿ ಬಂತು. ಸ್ವರಲಿಪಿಗಾಗಿ ಹುಟ್ಟಿದ್ದರಿಂದ ಅದಕ್ಕೆ ಎ ಫ್ಲ್ಯಾಟ್ ಬೇರೆ, ಜಿ ಶಾರ್ಪ್ ಬೇರೆ. ಕಾರ್ಡಿಗೆ ಪ್ರತ್ಯೇಕ ಘಟಕವೇ ಇದ್ದು ಮೂಲಸ್ವರ, ಬಗೆ, ಬೇಸ್, ಸೇರಿಸಿದ ಇಲ್ಲವೇ ತಿದ್ದಿದ ಸ್ವರಗಳು ಅದರೊಳಗೆ ಬಿಡಿಬಿಡಿಯಾಗಿ ಕೂರುತ್ತವೆ. ಆದರೆ ನುಡಿಸಾಣಿಕೆಯ ಸೂಕ್ಷ್ಮಗಳನ್ನು, ಸ್ವರವೊಂದು ತುಸು ಹಿಂದೆ ಬೀಳುವ ಸೊಗಸನ್ನು ಸ್ವರಲಿಪಿಯ ಈ ಕಡತ ಮಿಡಿಯಷ್ಟು ಚೆನ್ನಾಗಿ ಹೊರಲಾರದು. 2023ರಲ್ಲಿ ಪರಿಷ್ಕೃತವಾದ ಮಿಡಿ 2.0 ಕಡೆಗೂ ಕಾರ್ಡಿನ ಹೆಸರಿಗಾಗಿಯೇ ಒಂದು ಸಂದೇಶವನ್ನು ಮಾನಕದೊಳಗೆ ತಂದಿತು. ನಲವತ್ತು ವರ್ಷ ತಡವಾದರೂ ಇದು ಸರಿಯಾದ ಹೆಜ್ಜೆ.

ವರ್ಕ್‌ಸ್ಟೇಷನ್‌ಗಳ ಒಳಗೆ ಕಾರ್ಡ್ ಟ್ರ್ಯಾಕ್ ಬಂದು ಬಹಳ ಕಾಲವಾಯಿತು: ಕ್ಯೂಬೇಸ್‌ನಲ್ಲಿ 2012ರಲ್ಲಿ, ಸ್ಟುಡಿಯೊ ಒನ್‌ನಲ್ಲಿ 2018ರಲ್ಲಿ, ಲಾಜಿಕ್ ಪ್ರೊದಲ್ಲಿ 2024ರಲ್ಲಿ. ಅಲ್ಲಿ ಎದುರು ದಿಕ್ಕಿನ ನಷ್ಟವನ್ನು ಕಾಣಬಹುದು. ಸಿ ಸಿಕ್ಸ್ ಎಂಬ ಹೆಸರನ್ನಷ್ಟೇ ಕೊಟ್ಟರೆ ಯಂತ್ರ ತನಗೆ ತೋಚಿದ ಜೋಡಣೆಯಲ್ಲಿ ಸ್ವರ ಹಾಕುತ್ತದೆ. 76ರಿಂದ 74ಕ್ಕೆ, ಅಲ್ಲಿಂದ 72ಕ್ಕೆ ಇಳಿದ ಮೇಲ್ಪಂಕ್ತಿ ಆಗ ಉಳಿಯುವ ಭರವಸೆಯಿಲ್ಲ. ಹೆಸರಿನಿಂದ ಸ್ವರವನ್ನು ಮರಳಿ ಪಡೆಯಲಾಗದು, ಸ್ವರದಿಂದ ಹೆಸರನ್ನೂ ಪಡೆಯಲಾಗದು.

ಸ್ಕೇಲ್‌ಗಳ ಸ್ಥಿತಿ ಇದಕ್ಕಿಂತ ಬಡವಾದದ್ದು. ಮಿಡಿ ಕಡತದ ಶ್ರುತಿಸೂಚಿಯಲ್ಲಿ ಇರುವುದು ಎರಡೇ ಮಾಹಿತಿ: ಏಳು ಫ್ಲ್ಯಾಟ್‌ಗಳಿಂದ ಏಳು ಶಾರ್ಪ್‌ಗಳವರೆಗಿನ ಒಂದು ಅಂಕಿ, ಮೇಜರೋ ಮೈನರೋ ಎಂಬ ಇನ್ನೊಂದು. ಕರ್ನಾಟಕ ಸಂಗೀತದ ಮೊದಲ ಪಾಠಗಳ ಮಾಯಾಮಾಳವಗೌಳ ಈ ಚೌಕಟ್ಟಿಗೆ ಹೊರಗಿನದು. ಸಿ ಷಡ್ಜವಾದರೆ ಅದಕ್ಕೆ ಡಿ ಮತ್ತು ಎ ಫ್ಲ್ಯಾಟ್ ಬೇಕು, ಇ ಮತ್ತು ಬಿ ಶುದ್ಧವಾಗಿಯೇ ಉಳಿಯಬೇಕು. ಪಾಶ್ಚಾತ್ಯ ಕ್ರಮದಲ್ಲಿ ಮೊದಲ ಫ್ಲ್ಯಾಟ್ ಬೀಳುವುದೇ ಬಿ ಮೇಲೆ. ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ ಯಾವ ಸ್ವರ ಎಷ್ಟು ಬದಲಾಗಬೇಕು ಎಂದು ಒಂದೊಂದಾಗಿ ಹೇಳುವ ಅವಕಾಶವಿರುವುದರಿಂದ ಅಲ್ಲಿ ಇದು ಸಾಧ್ಯ.

ನಮ್ಮ ಶಾಸ್ತ್ರಕ್ಕೆ ಈ ಸಮಸ್ಯೆ ಹೊಸದಲ್ಲ. 17ನೆಯ ಶತಮಾನದಲ್ಲಿ ವೆಂಕಟಮಖಿ ರೂಪಿಸಿದ 72 ಮೇಳಗಳ ಯೋಜನೆಯ ಹಿಂದೆ ಹನ್ನೆರಡು ಸ್ವರಸ್ಥಾನಗಳಿಗೆ ಹದಿನಾರು ಹೆಸರು ಎಂಬ ಏರ್ಪಾಡಿದೆ. ಚತುಃಶ್ರುತಿ ರಿಷಭವೂ ಶುದ್ಧ ಗಾಂಧಾರವೂ ಒಂದೇ ಸ್ಥಾನ. ಮೊದಲ ಮೇಳವಾದ ಕನಕಾಂಗಿಯಲ್ಲಿ ಅದು ಗಾಂಧಾರ, ಶಂಕರಾಭರಣದಲ್ಲಿ ರಿಷಭ. 62 ಎಂಬ ಸಂಖ್ಯೆ ಈ ಭೇದವನ್ನು ಅಳಿಸಿಬಿಡುತ್ತದೆ.

ಸ್ಥಾನಗಳ ಪಟ್ಟಿಯೊಂದೇ ರಾಗವೂ ಅಲ್ಲ. ವರ್ಕ್‌ಸ್ಟೇಷನ್‌ನ ಸ್ಕೇಲ್ ಜರಡಿಗೆ ಗೊತ್ತಿರುವುದು ಹನ್ನೆರಡರಲ್ಲಿ ಯಾವುವು ಒಳಗೆ, ಯಾವುವು ಹೊರಗೆ ಎಂಬುದಷ್ಟೇ. ಬಿಲಹರಿಯ ಆರೋಹಣ ಸ ರಿ ಗ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಎರಡನ್ನೂ ಕೂಡಿಸಿದರೆ ಜರಡಿಗೆ ಸಿಗುವುದು ಶಂಕರಾಭರಣದ ಏಳು ಸ್ಥಾನಗಳು, ಅಂದರೆ ಬರಿಯ ಮೇಜರ್. ಏರುವಾಗ ಮಧ್ಯಮವನ್ನು ದಾಟುವ ಆ ಜಿಗಿತವೇ ಬಿಲಹರಿಯ ಚಹರೆ. ಅದು ಪಟ್ಟಿಯಲ್ಲಿ ಮೂಡುವುದಿಲ್ಲ. ಪ್ರಯೋಗವಿಶೇಷದಲ್ಲಿ ಸುಳಿಯುವ ಕೈಶಿಕಿ ನಿಷಾದವನ್ನಂತೂ ಜರಡಿ ತಪ್ಪೆಂದು ಪಕ್ಕಕ್ಕೆ ತಳ್ಳುತ್ತದೆ.

ಶ್ರುತಿಯ ನಿಖರತೆಗೆ ಸಾಧನಗಳ ಕೊರತೆಯಿಲ್ಲ. 1992ರ ಮಿಡಿ ಶ್ರುತಿ ಮಾನಕ ಒಂದು ಅರೆಸ್ವರವನ್ನು 16,384 ಹೆಜ್ಜೆಗಳಾಗಿ ಒಡೆಯುತ್ತದೆ. ಸ್ಕಾಲಾ ಕಡತಗಳಲ್ಲಿ ಸ್ವರಾಂತರಗಳನ್ನು ಸೆಂಟ್‌ಗಳಲ್ಲೋ ಅನುಪಾತಗಳಲ್ಲೋ ಬರೆದಿಡಬಹುದು. ಇವು ಸ್ವರ ಎಲ್ಲಿ ನಿಲ್ಲಬೇಕೆಂದು ಹೇಳುತ್ತವೆ. ಭೈರವಿಯ ಗಾಂಧಾರ ನಿಲ್ಲುವುದೇ ಇಲ್ಲ. ಅದರ ಕಂಪಿತವನ್ನು ಬೆಂಡ್ ಸಂದೇಶಗಳ ಮೂಲಕವೇ ಕಳುಹಿಸಬೇಕು.

ಎಲ್ಲ ತಯಾರಕರೂ ಮಿಡಿ 2.0 ಅಳವಡಿಸುವವರೆಗೆ ಕೆಲಸ ನಿಲ್ಲಬೇಕಿಲ್ಲ. ಬೇಸ್ ಮತ್ತು ಪಿಯಾನೊ ಟ್ರ್ಯಾಕ್‌ಗಳನ್ನು ಒಂದೇ ಕಡತದಲ್ಲಿ ಕಳುಹಿಸುವುದು ಮೊದಲ ಎಚ್ಚರ. ಕಾರ್ಡಿನ ಹೆಸರುಗಳನ್ನು ತಂಡದವರೆಲ್ಲ ಒಪ್ಪಿದ ಒಂದೇ ಬರವಣಿಗೆಯಲ್ಲಿ, ನುಡಿಸಿದ ಕ್ಷಣಕ್ಕಲ್ಲದೆ ಬದಲಾಗಬೇಕಾದ ಎಣಿಕೆಗೆ ಮಾರ್ಕರ್ ಆಗಿ ಸೇರಿಸಬೇಕು. ಜೊತೆಗೊಂದು ಮ್ಯೂಸಿಕ್‌ಎಕ್ಸ್‌ಎಂಎಲ್ ಪ್ರತಿ ಇರಲಿ. ಎರಡರಲ್ಲಿ ಭಿನ್ನತೆ ಕಂಡರೆ ಹೆಸರಿಗೆ ಅದನ್ನೂ ಸ್ವರದ ಕಾಲಕ್ಕೆ ಮಿಡಿಯನ್ನೂ ನಂಬುವುದು ಸೂಕ್ತ. ರಾಗಾಧಾರಿತ ರಚನೆಯಾದರೆ ಕಡತದ ಮೊದಲ ಆವರ್ತದಲ್ಲೇ ಷಡ್ಜದ ಮನೆ, ಮೇಳದ ಸಂಖ್ಯೆ, ಆರೋಹಣ, ಅವರೋಹಣಗಳನ್ನು ಪಠ್ಯವಾಗಿ ಬರೆದಿಟ್ಟು, ತೆರೆಯುವವರು ಸ್ಕೇಲ್ ಜರಡಿಯನ್ನು ಮುಚ್ಚಿಯೇ ಕೆಲಸ ಆರಂಭಿಸಬೇಕು.