ವಿಷಾನಿಲವೂ ಮದ್ದೂ: ಒಂದು ಸಂಶೋಧನೆಯ ಕಥೆ



ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ರೋಗ ಗುಣಪಡಿಸುವುದೂ ಮದ್ದು, ಬಂಡೆ ಸಿಡಿಸುವುದೂ ಮದ್ದು. ನೈಟ್ರೊಗ್ಲಿಸರಿನ್ ಈ ಎರಡೂ ಅರ್ಥಕ್ಕೆ ಸಲ್ಲುತ್ತದೆ. ಆಲ್‌ಫ್ರೆಡ್ ನೊಬೆಲ್ ಅದರಿಂದ ಡೈನಮೈಟ್ ತಯಾರಿಸಿದರು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅದನ್ನೇ ಎದೆನೋವಿಗೆ ಔಷಧವೆಂದು ಪ್ರಕಟಿಸಿದರು. ಆದರೆ ಅದು ಹೇಗೆ ಕೆಲಸ ಮಾಡುತ್ತದೆಂಬುದು ಸುಮಾರು ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ.

1977ರಲ್ಲಿ ಅಮೆರಿಕದ ಫೆರಿದ್ ಮುರಾದ್ ಈ ಗುಟ್ಟನ್ನು ಬಿಡಿಸಿದರು. ನೈಟ್ರೊಗ್ಲಿಸರಿನ್‌ನಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬಂದು ರಕ್ತನಾಳಗಳನ್ನು ಸಡಿಲಿಸುತ್ತದೆಂದು ತೋರಿಸಿದರು. ಅವರ ತಂದೆ ಅಲ್ಬೇನಿಯಾದಿಂದ ವಲಸೆ ಬಂದು ಹೋಟೆಲು ನಡೆಸುತ್ತಿದ್ದವರು. ಹೋಟೆಲಿನಲ್ಲಿ ದುಡಿಯುತ್ತಲೇ ಓದಿದ ಆ ಹುಡುಗ 1998ರಲ್ಲಿ ಫರ್ಚ್‌ಗಾಟ್ ಮತ್ತು ಇಗ್ನಾರೊ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು.

ನಮ್ಮ ದೇಹವೇ ಈ ಅನಿಲವನ್ನು ತಯಾರಿಸಿ ಜೀವಕೋಶಗಳ ನಡುವೆ ಸಂದೇಶ ಕಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಪ್ರಾಣ ತೆಗೆಯುವ ಕಾರ್ಬನ್ ಮಾನಾಕ್ಸೈಡ್, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಕೂಡ ಇಂಥ ದೂತರೇ ಎಂಬುದು 1990ರ ದಶಕದಲ್ಲಿ ತಿಳಿದುಬಂತು.

ಕ್ಯಾನ್ಸರಿಗೂ ಇವುಗಳಿಗೂ ಏನು ಸಂಬಂಧ? 1980ರ ದಶಕದ ಕೊನೆಯಲ್ಲಿ ಜಾನ್ ಹಿಬ್ಸ್ ಮೊದಲಾದವರು, ನಮ್ಮ ರಕ್ಷಕ ಕೋಶಗಳು ನೈಟ್ರಿಕ್ ಆಕ್ಸೈಡ್ ಬಳಸಿ ಗಡ್ಡೆಯ ಕೋಶಗಳ ಬೆಳವಣಿಗೆ ತಡೆಯುತ್ತವೆಂದು ಕಂಡರು. ಎಲ್ಲರಿಗೂ ಸಂತೋಷವಾಯಿತು. ಆದರೆ 1995ರಲ್ಲಿ ಇನ್ನೊಂದು ಮುಖ ಕಂಡಿತು: ಅದೇ ಅನಿಲದ ನೆರವಿನಿಂದ ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ! 2013ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೈಡ್ರೋಜನ್ ಸಲ್ಫೈಡನ್ನು ತಾನೇ ತಯಾರಿಸಿ ಅದರಿಂದ ಬೆಳೆಯುವುದು ಗೊತ್ತಾಯಿತು. ಅಂದರೆ ಅನಿಲ ಮಿತ್ರನೋ ಶತ್ರುವೋ ಎಂಬುದು ಅದರ ಪ್ರಮಾಣ, ಸ್ಥಳ ಮತ್ತು ಕಾಲದ ಮೇಲೆ ನಿಂತಿದೆ.

ಚಿಕಿತ್ಸೆಯ ಕಥೆಯೂ ಹೀಗೆಯೇ. 2006ರಲ್ಲಿ ಜಪಾನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ 120 ರೋಗಿಗಳ ಪ್ರಯೋಗ ಪ್ರಕಟವಾಯಿತು. ಕಿಮೋಥೆರಪಿಯೊಂದಿಗೆ ನೈಟ್ರೊಗ್ಲಿಸರಿನ್ ಪಟ್ಟಿ ಹಚ್ಚಿದವರಲ್ಲಿ ಹೆಚ್ಚು ಗುಣ ಕಂಡಿತ್ತು. 2015ರಲ್ಲಿ ಆಸ್ಟ್ರೇಲಿಯಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಸಂಶೋಧನೆ ಮುಂದುವರಿದಿದೆ.

ಮಸೂತಿಯಂಥ ಊರಿನಲ್ಲಿರುವ ನಮಗೆ ಇದರಿಂದ ಏನು ಪಾಠ? ಗುಟ್ಕಾ, ತಂಬಾಕು ಜಗಿಯುವ ಬಾಯಿ ಸದಾ ಕೆರಳಿರುತ್ತದೆ. ಬಾಯಿ ಕ್ಯಾನ್ಸರಿನ ಗಡ್ಡೆಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಹೆಚ್ಚಿರುವುದೂ ಕಂಡುಬಂದಿದೆ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ನಿಷೇಧ ಮೊದಲು ನಮ್ಮ ಮನೆಯಲ್ಲಿ ಜಾರಿಯಾಗಬೇಕು. ಬಾಯಿಯ ಹುಣ್ಣು ಎರಡು-ಮೂರು ವಾರದಲ್ಲಿ ಮಾಯದಿದ್ದರೆ ಮನೆಮದ್ದು, ತಾವೀಜು ಎನ್ನುತ್ತ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ. ದುವಾ ಮಾಡೋಣ, ದವಾ ಕೂಡ ಮಾಡೋಣ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ನಮಗೆ ಹತ್ತಿರದ ಕಲಬುರಗಿಯಲ್ಲೂ ಇದೆ.

ವಿದ್ಯಾರ್ಥಿ ಮಿತ್ರರೇ, ಈ ಕಥೆ ಇನ್ನೂ ಮುಗಿದಿಲ್ಲ. ಹೋಟೆಲು ನಡೆಸುವವರ ಮಗ ಒಂದು ಅಧ್ಯಾಯ ಬರೆದ. ಮುಂದಿನದನ್ನು ನಮ್ಮ ಶಾಲೆಯ ಬೆಂಚಿನಿಂದ ಎದ್ದ ಮಗನೋ ಮಗಳೋ ಬರೆಯಲಿ.